ಒಂದು ಮಳೆಗಾಲ ದಾಟಿದ ಡಯಲ್ ಬಿ.ಪಿ. ಸೆಟ್ಟು

ಬಿ.ಪಿ. ಅಂದರೆ ರಕ್ತದೊತ್ತಡ ನೋಡುವ, ಮುಳ್ಳು ತಿರುಗುವ ಡಯಲ್ ಇರುವ ಈ ಸೆಟ್ಟಿನ ಬಗ್ಗೆ ಬರೆಯೋಕೆ ಮಳೆಗಾಲ ಮುಗಿಯಲಿ ಅಂತ ಕಾಯುತ್ತಿದ್ದೆ. ಬೇಸಿಗೆಯಲ್ಲಿ ಕೊಂಡ ಯಾವ ವಸ್ತುವಾದರೂ ನಮ್ಮ ಚಿಕ್ಕಮಗಳೂರಿನಲ್ಲಿ ಚೆನ್ನಾಗಿಯೇ ಇರುತ್ತದೆ. ಜುಲೈನಲ್ಲಿ ಚಪ್ಪಲಿಗೆ, ಬೆಲ್ಟಿಗೆ, ಬೀರುವಿನಲ್ಲಿಟ್ಟ ರೇಷ್ಮೆ ಸೀರೆಗೆ ಬೂಷ್ಟು ಹಿಡಿಯುವಾಗ ಅದರ ಗತಿ ಏನು ಅನ್ನೋದೇ ಮುಖ್ಯ.

ಮೊದಲೇ ಹೇಳಿಬಿಡುತ್ತೇನೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಜನ ಡಯಲ್ ನೋಡಿ ಸೆಟ್ಟು ಕೊಳ್ಳುತ್ತಾರೆ. ಮಲೆನಾಡಿನಲ್ಲಿ ಮೊದಲು ಕೈಕೊಡೋದು ಡಯಲ್ ಅಲ್ಲ, ಅದರ ಜೊತೆಗಿರುವ ರಬ್ಬರು ಮತ್ತು ಬಟ್ಟೆ.

ನಾನು ಮೂಡಿಗೆರೆ ಕಡೆಯ ಆರೋಗ್ಯ ಉಪಕೇಂದ್ರಗಳಲ್ಲಿ ಕೆಲಸ ಮಾಡಿ ರಿಟೈರ್ ಆದವಳು. ಸರ್ವಿಸಿನ ಬಹುಪಾಲು ಪಾದರಸದ ಬಿ.ಪಿ. ಮೆಷಿನ್ ಜೊತೆಗೇ ಕಳೆಯಿತು. ಮುಚ್ಚಳ ಎತ್ತಿದರೆ ಗಾಜಿನ ಕೊಳವೆ ನೆಟ್ಟಗೆ ನಿಲ್ಲುತ್ತಿತ್ತಲ್ಲ, ಅದೇ ಉದ್ದನೆಯ ಪೆಟ್ಟಿಗೆ. ಅದನ್ನು ಹೆಗಲಿಗೆ ಹಾಕಿಕೊಂಡು ಬಸ್ಸು ಹತ್ತಿ, ತೋಟದ ಲೈನು ಮನೆಗಳವರೆಗೆ ನಡೆದು ಹೋಗಬೇಕಿತ್ತು. ಲೆಕ್ಕಕ್ಕೆ ಅದಕ್ಕಿಂತ ನಂಬಿಕಸ್ತ ಮೆಷಿನ್ ಇಲ್ಲ. ಆದರೆ ಒಡೆದರೆ ಕಥೆ ಮುಗಿಯಿತು. ಪಾದರಸ ನೆಲದ ಮೇಲೆ ಬಿದ್ದು ಸಾಸಿವೆ ಕಾಳಿನ ಹಾಗೆ ಮೂಲೆಮೂಲೆಗೆ ಉರುಳುತ್ತದೆ. ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ, ಪೊರಕೆಯಲ್ಲಿ ಗುಡಿಸುವ ಹಾಗೂ ಇಲ್ಲ. ಜಪಾನಿನ ಮಿನಾಮಾಟಾ ಎಂಬ ಊರಿನಲ್ಲಿ ಪಾದರಸ ಸೇರಿದ ಮೀನು ತಿಂದು ಜನರ ನರಗಳೇ ಹಾಳಾದವು. ಆ ಊರಿನ ಹೆಸರಿನಲ್ಲೇ 2013ರಲ್ಲಿ ಪಾದರಸದ ವಿರುದ್ಧ ದೇಶಗಳೆಲ್ಲ ಸೇರಿ ಒಪ್ಪಂದ ಮಾಡಿಕೊಂಡವು. 2018ರಲ್ಲಿ ನಮ್ಮ ದೇಶವೂ ಅದಕ್ಕೆ ಸೇರಿತು. ಆಮೇಲೆ ಆಸ್ಪತ್ರೆಗಳಲ್ಲೂ ಪಾದರಸದ ಮೆಷಿನ್ ಕಡಿಮೆಯಾಗುತ್ತಾ ಬಂತು. ಇದ್ದದ್ದನ್ನು ನಾನು ಆಫೀಸಿಗೇ ಒಪ್ಪಿಸಿ ಬಂದೆ.

ಮನೆಗೆ ಬಂದ ಮೇಲೆ ಕೈ ಸುಮ್ನೆ ಇರಲಿಲ್ಲ. ನಮ್ಮ ರಸ್ತೆಯವರಿಗೆ ನಾನು ಇವತ್ತಿಗೂ ಸಿಸ್ಟರೇ. "ಸಿಸ್ಟರ್, ತಲೆ ತಿರುಗ್ತದೆ, ಒಂಚೂರು ನೋಡಿ" ಅಂತ ಬರುತ್ತಾರೆ. ಅದಕ್ಕೇ ಇಂದಿರಾ ಗಾಂಧಿ ರಸ್ತೆಯ ಒಂದು ಸರ್ಜಿಕಲ್ ಅಂಗಡಿಗೆ ಹೋಗಿ ಡಯಲ್ ಸೆಟ್ಟು ತಂದೆ. ಸಾವಿರ ರೂಪಾಯಿಯ ಆಸುಪಾಸು ಆಯಿತು. ಡಯಲ್, ತೋಳಿಗೆ ಸುತ್ತುವ ಬಟ್ಟೆಯ ಪಟ್ಟಿ ಅಂದರೆ ಕಫ್, ಅದಕ್ಕೆ ಗಾಳಿ ತುಂಬುವ ರಬ್ಬರಿನ ಬಲ್ಬ್, ಚೈನ್ ಇರುವ ಚೀಲ, ಜೊತೆಗೆ ಸದ್ದು ಕೇಳೋಕೆ ಒಂದು ಸ್ಟೆತ್. ಆ ಸ್ಟೆತ್ ಲೆಕ್ಕಕ್ಕೆ ಹಿಡಿಯಬೇಡಿ. ಕಿವಿಗೆ ಇಡುವ ತುದಿ ಬರೀ ಗಟ್ಟಿ ಪ್ಲಾಸ್ಟಿಕ್. ಸ್ವಲ್ಪ ಹೊತ್ತಿಗೇ ಕಿವಿ ನೋಯುತ್ತದೆ, ಹೊರಗಿನ ಸದ್ದೂ ಒಳಗೆ ಬರುತ್ತದೆ. ನಾನು ನನ್ನ ಹಳೆಯದನ್ನೇ ಬಳಸುತ್ತೇನೆ.

"ಡಿಜಿಟಲ್ ತಗೊಳ್ಳಿ ಮೇಡಂ, ಬಟನ್ ಒತ್ತಿದ್ರೆ ಆಯ್ತು" ಅಂತ ಅಂಗಡಿ ಹುಡುಗ ಹೇಳಿದ. ಅವನ ಮಾತು ತಪ್ಪೇನಲ್ಲ. ಮನೆಯಲ್ಲಿ ಒಬ್ಬರೇ ಇರುವವರಿಗೆ, ಕಿವಿ ಮಂದ ಇರುವವರಿಗೆ ಡಿಜಿಟಲ್ಲೇ ಸರಿ. ಡಯಲ್ ಸೆಟ್ಟಿನಲ್ಲಿ ನಮ್ಮ ಬಿ.ಪಿ. ನಾವೇ ನೋಡಿಕೊಳ್ಳೋದು ಕಷ್ಟದ ಕೆಲಸ. ಒಂದು ಕೈಯಲ್ಲಿ ಬಲ್ಬ್ ಒತ್ತುತ್ತಾ, ಸ್ಟೆತ್ ಹಿಡಿದು, ಮುಳ್ಳನ್ನೂ ನೋಡುವ ಹೊತ್ತಿಗೆ ಬಿ.ಪಿ. ತಾನಾಗಿಯೇ ಏರಿರುತ್ತದೆ. ಆದರೆ ಎದೆಬಡಿತ ತಾಳ ತಪ್ಪುವವರು ಕೆಲವರಿರುತ್ತಾರೆ. ಅವರ ಕೈಗೆ ಕಟ್ಟಿದರೆ ಡಿಜಿಟಲ್ ಒಮ್ಮೆ ಒಂದು ಹೇಳುತ್ತದೆ, ಮತ್ತೊಮ್ಮೆ ಇನ್ನೊಂದು. ಕೆಲವೊಮ್ಮೆ ಎರರ್ ಅಂತ ತೋರಿಸಿ ಸುಮ್ಮನಾಗುತ್ತದೆ. ಅಂಥವರಿಗೆ ಕಿವಿಯಿಂದ ಕೇಳಿ, ಎರಡು ಮೂರು ಸಲ ನೋಡಿ ಸರಾಸರಿ ಹಿಡಿಯೋದೇ ವಾಸಿ. ನನ್ನ ಹತ್ತಿರ ಬರುವವರಲ್ಲಿ ಇಂಥ ವಯಸ್ಸಾದವರೇ ಜಾಸ್ತಿ.

ಅಂಗಡಿಯಲ್ಲೇ ನೋಡಬೇಕಾದ್ದು ಒಂದೆರಡಿದೆ. ಗಾಳಿ ಬಿಡುವ ತಿರುಪು ಅಂದರೆ ವಾಲ್ವ್ ಪೂರ್ತಿ ಬಿಚ್ಚಿ, ಕಫ್ ಹಿಂಡಿ ಗಾಳಿ ತೆಗೆದು ಮುಳ್ಳು ಎಲ್ಲಿ ನಿಂತಿದೆ ನೋಡಿ. ಸೊನ್ನೆಯ ಹತ್ತಿರ ಒಂದು ಪುಟ್ಟ ಚೌಕವೋ ಮೊಟ್ಟೆ ಆಕಾರವೋ ಇರುತ್ತದೆ, ಮುಳ್ಳು ಅದರೊಳಗೆ ಇರಬೇಕು. ನನಗೆ ಮೊದಲು ಕೊಟ್ಟ ಡಬ್ಬಿಯಲ್ಲಿ ಮುಳ್ಳು 4ರ ಮೇಲೆ ಕೂತಿತ್ತು. "ಅದೇನೂ ಆಗಲ್ಲ, ನಾಲ್ಕು ಕಳೆದುಬಿಡಿ" ಅಂದ ಹುಡುಗ. ಕಳೆಯೋಕೆ ಇದೇನು ತರಕಾರಿ ತೂಕವೇ? ಇನ್ನೊಂದು ಡಬ್ಬಿ ತೆಗೆಸಿದೆ. ಇನ್ನೊಂದು ವಿಷಯ, ಕೆಲವು ಡಯಲ್ಲಿನಲ್ಲಿ ಸೊನ್ನೆಯ ಪಕ್ಕ ಒಂದು ಸಣ್ಣ ಪಿನ್ ಇರುತ್ತದೆ. ಒಳಗಿನ ಯಂತ್ರ ಸೊನ್ನೆಗಿಂತ ಕೆಳಗೆ ಜಾರಿದ್ದರೂ ಆ ಪಿನ್ನು ಮುಳ್ಳನ್ನು ಸೊನ್ನೆಯಲ್ಲೇ ತಡೆದು ನಿಲ್ಲಿಸುತ್ತದೆ. ನೋಡೋಕೆ ಸರಿ ಇದೆ, ಅಸಲಿಗೆ ಸರಿ ಇಲ್ಲ. ಪಿನ್ ಇಲ್ಲದ್ದೇ ತಗೊಳ್ಳಿ.

ಡಯಲ್ಲಿನೊಳಗೆ ತೆಳು ಲೋಹದ ಒಂದು ಪೊಟ್ಟಣ ಇದೆ. ಗಾಳಿ ತುಂಬಿದರೆ ಅದು ಉಬ್ಬುತ್ತದೆ, ಹಲ್ಲಿನ ಚಕ್ರಗಳು ತಿರುಗಿ ಮುಳ್ಳು ಓಡುತ್ತದೆ. ಕೈಜಾರಿ ಒಂದು ಸಲ ಸಿಮೆಂಟ್ ನೆಲಕ್ಕೆ ಬಿದ್ದರೆ ಸಾಕು, ಹೊರಗೆ ಒಂದು ಗೀರೂ ಕಾಣದೆ ಒಳಗೆ ಲೆಕ್ಕ ತಪ್ಪಬಹುದು.

ಇನ್ನು ನೋಡುವ ರೀತಿ. ಇಲ್ಲಿ ನಮ್ಮೂರಿನ ದೊಡ್ಡ ತೊಡಕು ಕಾಫಿ. ಬಿ.ಪಿ. ನೋಡುವ ಅರ್ಧ ಗಂಟೆ ಮುಂಚೆ ಕಾಫಿ, ಬೀಡಿ, ಸಿಗರೇಟು ಬೇಡ ಅನ್ನೋದು ನಿಯಮ. ಕಾಫಿ ಬೆಳೆಯೋ ಊರಲ್ಲಿ ಇದನ್ನು ಹೇಳೋದು ಹೇಗೆ? ಪಕ್ಕದ ಬೀದಿಯ ಅಜ್ಜಿಯೊಬ್ಬರನ್ನು ಕೇಳಿದರೆ, "ಕಾಫಿ ಕುಡೀದೆ ಮನೆಯಿಂದ ಹೆಂಗೆ ಹೊರಡದು ಸಿಸ್ಟರ್" ಅಂತ ನನಗೇ ಬೈದರು. ಅವರನ್ನು ಜಗಲಿಯಲ್ಲಿ ಕೂರಿಸಿ, ಅವರ ಸೊಸೆಯ ಕಥೆಯನ್ನೆಲ್ಲ ಕೇಳಿದೆ. ಸೊಸೆಯ ಕಥೆಯಿಂದ ಬಿ.ಪಿ. ಇಳಿಯಲ್ಲ ಅನ್ನೋದು ಬೇರೆ ಮಾತು. ಆಮೇಲೆ ಬಾಯಿ ಮುಚ್ಚಿಸಿ ಐದು ನಿಮಿಷ ಸುಮ್ನೆ ಕೂರಿಸಿದೆ. ಬೆನ್ನಿಗೆ ಆಸರೆ ಬೇಕು, ಎರಡೂ ಪಾದ ನೆಲದ ಮೇಲಿರಬೇಕು, ಕಾಲ ಮೇಲೆ ಕಾಲು ಹಾಕಬಾರದು. ಮೂತ್ರಕ್ಕೆ ಹೋಗಬೇಕಿದ್ದರೆ ಮೊದಲು ಹೋಗಿ ಬರಬೇಕು. ಕೈ ಮೇಜಿನ ಮೇಲೆ, ಎದೆಯ ಮಟ್ಟಕ್ಕೆ. ಕೈ ಅದಕ್ಕಿಂತ 10 ಸೆಂಟಿಮೀಟರ್ ಕೆಳಗೆ ಜೋತಾಡುತ್ತಿದ್ದರೆ ಬಿ.ಪಿ. ಸುಮಾರು 7-8 ಅಂಕ ಜಾಸ್ತಿ ತೋರಿಸುತ್ತದೆ. ಇದು ಮೆಷಿನ್ನಿನ ದೋಷ ಅಲ್ಲ, ರಕ್ತದ ಭಾರವೇ ಅಷ್ಟು.

ಸ್ವೆಟರ್ ಮೇಲೆ ಕಟ್ಟಿ ಅನ್ನುವವರು ಇಲ್ಲಿ ಬಹಳ. ಚಳಿ, ನಿಜ. ಆದರೂ ತೋಳು ಬರಿದಾಗಿರಬೇಕು. ಬಿಗಿ ತೋಳಿನ ರವಿಕೆಯನ್ನು ಮೇಲಕ್ಕೆ ಸುರುಳಿ ಮಾಡಿದರೆ ಅದೇ ಇನ್ನೊಂದು ಕಫ್ ಆಗಿ ಕೂರುತ್ತದೆ, ಅದೂ ಬೇಡ.

ಕಫ್‌ನ ಅಳತೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಡಬ್ಬಿಯಲ್ಲಿ ಬರೋದು ಒಂದೇ ಅಳತೆ. ತೋಳಿನ ನಡುಮಧ್ಯದ ಸುತ್ತಳತೆ 22ರಿಂದ 32 ಸೆಂಟಿಮೀಟರ್ ಒಳಗಿದ್ದವರಿಗೆ ಅದು ಸಾಕು. ಒಳಗಿನ ರಬ್ಬರ್ ಚೀಲದ ಅಗಲ ತೋಳಿನ ಸುತ್ತಳತೆಯ ಶೇಕಡಾ 40ರಷ್ಟು, ಉದ್ದ ಶೇಕಡಾ 80ರಷ್ಟು ಇರಬೇಕು ಅನ್ನೋದು ಲೆಕ್ಕ. ನಮ್ಮ ರಸ್ತೆಯಲ್ಲಿ ಲಾರಿ ಓಡಿಸುವ ಒಬ್ಬರಿದ್ದಾರೆ, ತೋಳು ಒನಕೆ ಗಾತ್ರ. ಡಬ್ಬಿಯ ಕಫ್ ಕಟ್ಟಿದರೆ ವೆಲ್ಕ್ರೋ ತುದಿಯಲ್ಲಿ ಮಾತ್ರ ಹಿಡಿಯುತ್ತದೆ, ಗಾಳಿ ತುಂಬುವಾಗ ಚರ್‍ರ್ ಅಂತ ಬಿಟ್ಟುಕೊಳ್ಳುತ್ತದೆ. ಹೇಗೋ ಹಿಡಿದು ನೋಡಿದರೂ ಇಲ್ಲದ ಬಿ.ಪಿ. ಇದೆ ಅಂತ ತೋರಿಸುತ್ತದೆ. ಅವರಿಗಾಗಿ ದೊಡ್ಡ ಕಫ್ ಬೇರೆ ತರಿಸಿದೆ. ಅದರಲ್ಲಿ ನೋಡಿದಾಗ ಬಿ.ಪಿ.ಯ ಮೇಲಿನ ಅಂಕ, ಕೆಳಗಿನ ಅಂಕ ಎರಡೂ ಇಳಿದವು. "ಹಂಗಾದ್ರೆ ಉಪ್ಪಿನಕಾಯಿ ತಿನ್ಬೋದಾ ಅಕ್ಕ?" ಅಂದರು. ಬೇಡ ಅಂದೆ.

ಕಫ್‌ನ ಕೆಳಗಿನ ಅಂಚು ಮೊಣಕೈ ಮಡಿಕೆಯಿಂದ ಎರಡು ಬೆರಳು ಮೇಲಿರಲಿ. ಮೊದಲ ಸಲ ಸ್ಟೆತ್ ಹಾಕಲೇಬೇಡಿ. ಮಣಿಕಟ್ಟಿನ ನಾಡಿ ಹಿಡಿದು ಗಾಳಿ ತುಂಬಿ. ನಾಡಿ ಎಲ್ಲಿ ಕೈಗೆ ಸಿಗದೆ ಹೋಗುತ್ತದೋ ಆ ಅಂಕ ನೆನಪಿಟ್ಟುಕೊಂಡು ಗಾಳಿ ಬಿಟ್ಟುಬಿಡಿ. ಸ್ವಲ್ಪ ತಡೆದು ಎರಡನೇ ಸಲ ಅದಕ್ಕಿಂತ 30 ಅಂಕ ಮೇಲಕ್ಕೆ ತುಂಬಿ, ಸ್ಟೆತ್ ಇಟ್ಟು ನಿಧಾನಕ್ಕೆ ಇಳಿಸಿ. ಸೆಕೆಂಡಿಗೆ ಒಂದು ಗೆರೆ, ಅಂದರೆ 2 ಅಂಕ.

ಅವಸರದಲ್ಲಿರುವವರು ಈ ಮೊದಲ ಹೆಜ್ಜೆಯನ್ನು ಬಿಟ್ಟೇಬಿಡುತ್ತಾರೆ. ಅದು ಯಾಕೆ ಬೇಕು ಅಂತ ಆ ಕಾಫಿ ಅಜ್ಜಿಯ ಕೈ ನೋಡಿದರೆ ತಿಳಿಯುತ್ತದೆ. ಅವರಿಗೆ ನಾಡಿ ನಿಲ್ಲೋದು 180ರ ಹತ್ತಿರ. 210ರವರೆಗೆ ಏರಿಸಿ ಇಳಿಸುತ್ತಾ ಬಂದರೆ 178ಕ್ಕೆ ಟಕ್, ಟಕ್ ಅಂತ ಶುರುವಾಗುತ್ತದೆ. 160ರ ಹತ್ತಿರ ಬರುವಾಗ ಸದ್ದು ಪೂರ್ತಿ ಮಾಯ. ಮುಳ್ಳು ಮಾತ್ರ ಇಳಿಯುತ್ತಿರುತ್ತದೆ, ಕಿವಿಯಲ್ಲಿ ಏನೂ ಇಲ್ಲ. 144ಕ್ಕೆ ಬಂದಾಗ ಮತ್ತೆ ಟಕ್ ಅನ್ನುತ್ತದೆ. ನಾಡಿ ಹಿಡಿಯದೆ ಸುಮ್ನೆ 160ರವರೆಗೆ ಗಾಳಿ ತುಂಬಿ ನೋಡುವವರಿಗೆ ಮೊದಲು ಕೇಳೋದೇ ಈ 144. ಅಜ್ಜಿ ಪರವಾಗಿಲ್ಲ ಅಂತ ಬರೆದು ಮನೆಗೆ ಕಳಿಸುತ್ತಾರೆ. ವಯಸ್ಸಾದವರಲ್ಲಿ, ಬಹಳ ವರ್ಷದಿಂದ ಬಿ.ಪಿ. ಇರುವವರಲ್ಲಿ ಈ ನಡುವಿನ ಮೌನ ಇರುವುದುಂಟು.

ಈ ಸದ್ದುಗಳನ್ನು ಮೊದಲು ಬಣ್ಣಿಸಿದವರು ಕೊರೊಟ್ಕಾಫ್ ಅಂತ ರಷ್ಯದ ಒಬ್ಬ ಸರ್ಜನ್, 1905ರಲ್ಲಿ. ತೋಳಿಗೆ ಕಟ್ಟುವ ಕಫ್ ಇಟಲಿಯ ರೀವಾ ರೋಚ್ಚಿ ಅವರದ್ದು, 1896ರದ್ದು. ರೀವಾ ರೋಚ್ಚಿ ನಾಡಿ ಹಿಡಿದು ನೋಡುತ್ತಿದ್ದುದರಿಂದ ಮೇಲಿನ ಅಂಕ ಮಾತ್ರ ಸಿಗುತ್ತಿತ್ತು. ಕೊರೊಟ್ಕಾಫ್ ಕಫ್‌ಗಿಂತ ಕೆಳಗೆ, ತೋಳಿನ ರಕ್ತನಾಳದ ಮೇಲೆ ಸ್ಟೆತ್ ಇಟ್ಟರು, ಕೆಳಗಿನದೂ ಸಿಕ್ಕಿತು. ಮೊದಲ ಟಕ್ ಮೇಲಿನ ಅಂಕ, ಸದ್ದು ಪೂರ್ತಿ ನಿಂತ ಜಾಗ ಕೆಳಗಿನ ಅಂಕ. ನಾವು ಇವತ್ತಿಗೂ ಮಾಡುತ್ತಿರೋದು ಇಷ್ಟೇ.

ಇಳಿಸುವಾಗ ಸಂಶಯ ಬಂತು ಅಂತ ನಡುವೆಯೇ ಮತ್ತೆ ಬಲ್ಬ್ ಒತ್ತಬಾರದು. ಪೂರ್ತಿ ಗಾಳಿ ಬಿಟ್ಟು, ಒಂದು ನಿಮಿಷವಾದರೂ ತಡೆದು ಮೊದಲಿಂದ ಶುರು ಮಾಡಿ. ಹೊಸಬರು ಬಂದರೆ ಎರಡೂ ಕೈ ನೋಡಿ. ಯಾವುದರಲ್ಲಿ ಜಾಸ್ತಿ ಬರುತ್ತದೋ ಮುಂದಕ್ಕೆ ಆ ಕೈಯನ್ನೇ ಹಿಡಿಯಿರಿ.

ಒಂದು ತಮಾಷೆ ಹೇಳುತ್ತೇನೆ. ಡಯಲ್ಲಿನಲ್ಲಿ ಗೆರೆ ಇರೋದು ಎರಡೆರಡು ಅಂಕಕ್ಕೆ. ಹಾಗಾಗಿ ಡಯಲ್ ನೋಡಿ ಬರೆದ ಚೀಟಿಯಲ್ಲಿ 127 ಅಂತ ಇದ್ದರೆ ಅದು ಡಯಲ್ ಹೇಳಿದ್ದಲ್ಲ. ಎಲ್ಲರ ಹೆಸರಿನ ಮುಂದೆಯೂ 120, 80 ಅಂತ ಸಾಲಾಗಿ ಇದ್ದರೂ ಹಾಗೇ. ಊರಿಗೆ ಊರೇ ಅಷ್ಟು ಆರೋಗ್ಯವಾಗಿರಲ್ಲ ಅಲ್ವಾ?

ಈಗ ಮಳೆಯ ವಿಷಯಕ್ಕೆ ಬರೋಣ. ಮೊದಲ ತೊಂದರೆ ಸದ್ದಿನದ್ದು. ನಮ್ಮ ಜಗಲಿಗೆ ಹಾಕಿರೋದು ಶೀಟು. ಜೋರು ಮಳೆ ಹೊಡೆಯುವಾಗ ಅದರ ಕೆಳಗೆ ಕೂತರೆ ಪಕ್ಕದವರ ಮಾತೇ ಕೇಳಲ್ಲ, ಇನ್ನು ಕೆಳಗಿನ ಅಂಕದ ಹತ್ತಿರದ ಮೆತ್ತನೆಯ ಸದ್ದು ಎಲ್ಲಿ ಕೇಳಬೇಕು? ಸದ್ದು ಬೇಗ ನಿಂತ ಹಾಗೆ ಅನ್ನಿಸಿ ಕೆಳಗಿನ ಅಂಕ ಇರುವುದಕ್ಕಿಂತ ಜಾಸ್ತಿ ಬರೆದುಕೊಳ್ಳುತ್ತೇವೆ. ಆಷಾಢದಲ್ಲಿ ನಾನು ಎಲ್ಲರನ್ನೂ ಒಳಗಿನ ಕೋಣೆಗೆ ಕರೆದುಕೊಂಡು ಹೋಗುತ್ತೇನೆ. ಟಿ.ವಿ., ಮಿಕ್ಸಿ ಎಲ್ಲ ಬಂದ್. ಈ ವಿಷಯದಲ್ಲಿ ಡಿಜಿಟಲ್ಲೇ ಗೆಲ್ಲುತ್ತದೆ, ಅದಕ್ಕೆ ಕಿವಿಯ ಹಂಗಿಲ್ಲ.

ಎರಡನೆಯದು ಕಫ್. ಬಟ್ಟೆಯ ಒಳಮೈಗೆ ತೋಳಿನ ಬೆವರು, ಎಣ್ಣೆ ಹತ್ತಿರುತ್ತದೆ. ಅದರ ಮೇಲೆ ಮಳೆಗಾಲದ ಥಂಡಿ ಸೇರಿದರೆ ಬೂಷ್ಟಿಗೆ ಹಬ್ಬ. ಮೊದಲು ಹಸಿ ವಾಸನೆ ಬರುತ್ತದೆ, ಆಮೇಲೆ ಹೊಲಿಗೆಯ ಸಾಲಿನಲ್ಲಿ ಕಪ್ಪು ಚುಕ್ಕೆ. ಈ ಸೆಟ್ಟಿನ ಕಫ್ ತೊಳೆಯೋಕೆ ಸುಲಭ ಅನ್ನೋದು ನನಗೆ ಹಿಡಿಸಿತು. ಬದಿಯಲ್ಲಿ ಒಂದು ಸೀಳು ಇದೆ, ಅಲ್ಲಿಂದ ರಬ್ಬರ್ ಚೀಲವನ್ನು ಮಡಚಿ ಹೊರಗೆ ಎಳೆಯಬಹುದು. ಎಳೆಯುವ ಮುಂಚೆ ಟ್ಯೂಬು ಯಾವ ಕಡೆಯಿಂದ ಹೊರಬಂದಿದೆ ಅಂತ ನೋಡಿಟ್ಟುಕೊಳ್ಳಿ. ವೆಲ್ಕ್ರೋ ಮುಚ್ಚಿ, ತಣ್ಣೀರು ಮತ್ತು ಸ್ವಲ್ಪ ಸೋಪಿನಲ್ಲಿ ಬಟ್ಟೆಯನ್ನು ಮಾತ್ರ ತೊಳೆದು ನೆರಳಲ್ಲಿ ಒಣಗಿಸಿ. ಡಯಲ್ಲಿಗೂ ಬಲ್ಬಿಗೂ ನೀರು ಸೋಕಬಾರದು. ಒದ್ದೆ ಬಟ್ಟೆ ಹಿಂಡಿ ಒರೆಸಿದರೆ ಸಾಕು. ಚೀಲವನ್ನು ಮತ್ತೆ ಹಾಕುವಾಗ ಒಳಗೆ ಮಡಿಕೆ ಬೀಳದಂತೆ ಚಪ್ಪಟೆಯಾಗಿ ಕೂರಿಸಬೇಕು. ಮಡಿಕೆ ಇದ್ದರೆ ಗಾಳಿ ತುಂಬಿದಾಗ ಒಂದೇ ಕಡೆ ಉಬ್ಬುತ್ತದೆ. ವೆಲ್ಕ್ರೋಗೆ ಹತ್ತಿದ ನೂಲು, ಕೂದಲು ತೆಗೆಯೋಕೆ ಹಳೇ ಟೂತ್ ಬ್ರಷ್ ಸಾಕು.

ಒಣಗಿಸೋದೇ ಇಲ್ಲಿ ಪ್ರಶ್ನೆ. ವಾರಗಟ್ಟಲೆ ಬಿಸಿಲಿಲ್ಲ. ನಮ್ಮ ಕಡೆ ಎಲ್ಲವನ್ನೂ ಒಲೆಯ ಮೇಲಿನ ಅಟ್ಟಕ್ಕೆ ಹಾಕುವ ಅಭ್ಯಾಸ ಇದೆಯಲ್ಲ, ಬಟ್ಟೆ ಹಾಕಿ, ಬೇಡ ಅನ್ನಲ್ಲ. ರಬ್ಬರು ಮಾತ್ರ ಬೇಡ. ಕಾವಿಗೆ ರಬ್ಬರು ಗಟ್ಟಿಯಾಗಿ ಸೀಳುತ್ತದೆ. ನಾನು ಸೆಟ್ಟನ್ನು ಗಾಳಿಯಾಡದ ಒಂದು ಸ್ಟೀಲ್ ಡಬ್ಬದಲ್ಲಿ ಇಡುತ್ತೇನೆ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುತ್ತದಲ್ಲ, ತೇವ ಹೀರುವ ಆ ಸಣ್ಣ ಪೊಟ್ಟಣ, ಅದೂ ಒಳಗಿರುತ್ತದೆ. ಕಫ್ ಪೂರ್ತಿ ಒಣಗದೆ ಡಬ್ಬಕ್ಕೆ ಹಾಕಿದರೆ ಚೈನ್ ಚೀಲಕ್ಕಿಂತ ಕೆಡುಕು. ವಾಲ್ವ್ ಬಿಚ್ಚಿಯೇ ಇಡಿ, ಗಾಳಿ ಒಳಗೆ ಉಳಿಯದಿರಲಿ.

ನನ್ನ ದೂರು ಇರೋದು ಟ್ಯೂಬಿನ ಬಗ್ಗೆ. ಆಗಸ್ಟಿನಲ್ಲಿ ಒಂದು ದಿನ ವಾಲ್ವ್ ಬಿಗಿ ಮಾಡಿದ್ದರೂ ಮುಳ್ಳು ತಾನಾಗಿಯೇ ಜಾರತೊಡಗಿತು. ಸೋರಿಕೆ ಕಂಡುಹಿಡಿಯೋದು ಸುಲಭ. ಒಂದು ಗುಂಡನೆಯ ಡಬ್ಬಕ್ಕೆ ಕಫ್ ಸುತ್ತಿ 200ರವರೆಗೆ ತುಂಬಿ, ವಾಲ್ವ್ ಬಿಗಿದು ಒಂದು ನಿಮಿಷ ನೋಡಿ. ಒಂದೆರಡು ಗೆರೆಗಿಂತ ಜಾಸ್ತಿ ಇಳಿಯಬಾರದು. ಇಳಿದರೆ ಬಲ್ಬಿಗೆ ಹೋಗುವ ಟ್ಯೂಬನ್ನು ಬೆರಳಲ್ಲಿ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಮುಳ್ಳು ನಿಂತರೆ ದೋಷ ವಾಲ್ವಿನದ್ದೋ ಬಲ್ಬಿನದ್ದೋ. ನಿಲ್ಲದಿದ್ದರೆ ಕಫ್ ಒಳಗಿನ ಚೀಲ ಅಥವಾ ಡಯಲ್ ಕಡೆಯ ಟ್ಯೂಬು. ನನ್ನದರಲ್ಲಿ ನಿಲ್ಲಲಿಲ್ಲ. ಟ್ಯೂಬಿಗೆ ಸೋಪಿನ ನೊರೆ ಸವರಿದೆ. ಡಯಲ್ಲಿಗೆ ಸೇರುವ ಕಡೆ ಪುಸುಪುಸು ಅಂತ ಗುಳ್ಳೆ ಎದ್ದಿತು. ಡಬ್ಬಿಯಲ್ಲಿ ಬರುವಾಗಲೇ ಟ್ಯೂಬನ್ನು ಡಯಲ್ಲಿಗೆ ಬಿಗಿಯಾಗಿ ಸುತ್ತಿಟ್ಟಿದ್ದರು. ಆ ಮಡಿಕೆ ಇದ್ದ ಜಾಗದಲ್ಲೇ ಕೂದಲೆಳೆಯಂಥ ಸೀಳು.

ಅಂಗಡಿಗೆ ಒಯ್ದರೆ "ವಾರಂಟಿ ಡಯಲ್ಲಿಗೆ ಮಾತ್ರ" ಅಂದರು. ಹಾಗಂತ ಡಬ್ಬಿಯ ಮೇಲೆ ಎಲ್ಲೂ ಇಲ್ಲ. ಕಂಪನಿಗೆ ಫೋಟೋ ಕಳಿಸಿದೆ, ಉತ್ತರವಿಲ್ಲ. ಕೊನೆಗೆ ಹಾಸನಕ್ಕೆ ತಂಗಿ ಮನೆಗೆ ಹೋದಾಗ ಅಲ್ಲಿನ ಒಂದು ಸರ್ಜಿಕಲ್ ಅಂಗಡಿಯಲ್ಲಿ ಟ್ಯೂಬು ಸಮೇತ ಚೀಲ ಸಿಕ್ಕಿತು. ಅಂಗಡಿಯವರೇ ಕೂರಿಸಿಕೊಟ್ಟರು, ಈಗ ಸೋರಿಕೆ ಇಲ್ಲ. ಆದರೂ ಒಂದು ಮಳೆಗಾಲಕ್ಕೇ ಸೀಳುವ ಟ್ಯೂಬು ಹಾಕೋದು ಸರಿಯಲ್ಲ. ನೀವು ಹೊಸದು ತಂದ ದಿನವೇ ಸುತ್ತು ಬಿಚ್ಚಿ, ಸಡಿಲವಾಗಿ ಇಡಿ.

ವಾಲ್ವ್ ಬಿಗಿ ಹಿಡಿದರೆ ತೆಂಗಿನೆಣ್ಣೆ ಬಿಡುವವರನ್ನು ಕಂಡಿದ್ದೇನೆ. ದಯವಿಟ್ಟು ಬೇಡ. ಎಣ್ಣೆಗೆ ರಬ್ಬರು ಮೆತ್ತಗಾಗಿ ಉಬ್ಬುತ್ತದೆ, ಧೂಳೂ ಅಂಟುತ್ತದೆ. ವಾಲ್ವ್ ಬಿಚ್ಚಿ, ಒಣ ಹತ್ತಿಯಲ್ಲಿ ಒರೆಸಿ, ಒಳಗೆ ಕೂತ ನೂಲು ತೆಗೆದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಬಲ್ಬಿನ ಹಿಂದಿನ ತುದಿಯಲ್ಲೂ ಗಾಳಿ ಒಳಗೆ ಬರುವ ಸಣ್ಣ ಬಾಯಿ ಇದೆ, ಅದನ್ನೂ ನೋಡಿ.

ಇನ್ನು ಡಯಲ್ ನಿಜ ಹೇಳುತ್ತಿದೆಯಾ ಅನ್ನೋದು. ಮುಳ್ಳು ಸೊನ್ನೆಯಲ್ಲಿ ಸರಿಯಾಗಿ ಕೂತ ಮಾತ್ರಕ್ಕೆ 150ರಲ್ಲೂ ಸರಿ ಇದೆ ಅಂತಲ್ಲ. ವರ್ಷಕ್ಕೆ ಒಂದು ಸಲವಾದರೂ, ಕೆಳಗೆ ಬಿದ್ದರೆ ಆಗಲೇ, ತಾಳೆ ನೋಡಿಸಬೇಕು. ಆಸ್ಪತ್ರೆಯ ಮೆಷಿನ್ ರಿಪೇರಿ ಮಾಡುವ ಪರಿಚಯದ ಹುಡುಗನೊಬ್ಬ ಮಾಡಿಕೊಟ್ಟ. ಇಂಗ್ಲಿಷಿನ ವೈ ಆಕಾರದ ಕವಲು ಹಾಕಿ, ಸರಿ ಇದೆ ಅಂತ ಖಾತ್ರಿ ಇರುವ ಇನ್ನೊಂದು ಮೆಷಿನ್ನಿಗೂ ನನ್ನ ಡಯಲ್ಲಿಗೂ ಒಟ್ಟಿಗೆ ಗಾಳಿ ಕೊಟ್ಟು 50, 100, 150, 200ರಲ್ಲಿ ನಿಲ್ಲಿಸಿ ನೋಡಿದ. ಎಲ್ಲೂ 2ಕ್ಕಿಂತ ಜಾಸ್ತಿ ವ್ಯತ್ಯಾಸ ಬರಲಿಲ್ಲ. 3ರವರೆಗೆ ಒಪ್ಪಬಹುದು. ಈ ಬೆಲೆಯ ಡಯಲ್ಲಿಗೆ ಇದು ಒಳ್ಳೆಯ ಮಾರ್ಕೇ. ಮನೆಯಲ್ಲಿರುವ ಡಿಜಿಟಲ್ ಜೊತೆ ಹೋಲಿಸಿ "ತಾಳೆಯಾಯ್ತು" ಅನ್ನಬೇಡಿ. ಯಾವುದು ಸರಿ ಅಂತ ಹೇಳೋರು ಯಾರು?

ಅಂಕದ ವಿಷಯ ಚಿಕ್ಕದಾಗಿ. ಆಸ್ಪತ್ರೆಯಲ್ಲಿ 140, 90 ದಾಟಿದರೆ ಜಾಸ್ತಿ ಅನ್ನುತ್ತಾರೆ, ಮನೆಯಲ್ಲಿ ನೋಡಿದರೆ 135, 85. ಒಂದು ದಿನದ ಅಂಕ ನೋಡಿ ಮಾತ್ರೆ ಬಿಡೋದೂ ಬೇಡ, ಜಾಸ್ತಿ ಮಾಡೋದೂ ಬೇಡ, ಬರೆದಿಟ್ಟು ಡಾಕ್ಟರಿಗೆ ತೋರಿಸಿ. 180, 120 ದಾಟಿ ಜೊತೆಗೆ ಎದೆನೋವು, ಉಸಿರಾಟದ ಕಷ್ಟ, ಮಾತು ತೊದಲೋದು, ಕೈಕಾಲು ಸೋಲೋದು ಇದ್ದರೆ ನನ್ನಂಥವರ ಮನೆಗೆ ಬರಬೇಡಿ, ನೇರ ಆಸ್ಪತ್ರೆಗೆ ಹೋಗಿ.

ಕೊಳ್ಳುವವರಿಗೆ ಇನ್ನೊಂದು ಮಾತು. ದೊಡ್ಡ ಕಫ್ ಅಥವಾ ಮಕ್ಕಳ ಕಫ್ ಬೇಕಿದ್ದರೆ ಅಂಗಡಿಯವರಿಗೆ ಮೊದಲೇ ಹೇಳಿ ತರಿಸಿಕೊಳ್ಳಬೇಕು, ಇಲ್ಲಿ ಸ್ಟಾಕ್ ಇಡೋದು ಕಡಿಮೆ. ಹೇಳುವಾಗ ನಿಮ್ಮ ಸೆಟ್ಟಿನ ಕಫ್‌ಗೆ ಟ್ಯೂಬು ಒಂದಾ ಎರಡಾ ನೋಡಿಕೊಂಡು ಹೋಗಿ. ಒಂದು ಟ್ಯೂಬಿನ ಕಫ್ ಎರಡು ಟ್ಯೂಬಿನ ಸೆಟ್ಟಿಗೆ ಕೂರಲ್ಲ, ಬಿಚ್ಚಿದ ಕಫ್ ವಾಪಸ್ ತಗೊಳ್ಳೋದೂ ಇಲ್ಲ.